ಶಾಸ್ತ್ರಸಂಶೋಧನೆ ಮತ್ತು ಕನ್ನಡ ನುಡಿ: ಕೆಲವು ವಿಚಾರಗಳು

1

‘ಸಂಶೋಧನೆ’ ಎಂಬ ಶಬ್ದವು ಕನ್ನಡ ವಿಭಾಗಗಳಲ್ಲಿ ಒಂದು ಅರ್ಥದಲ್ಲಿಯೂ ವಿಶ್ವವಿದ್ಯಾಲಯದ ಉಳಿದ ವಿಭಾಗಗಳಲ್ಲಿ ಮತ್ತೊಂದು ಅರ್ಥದಲ್ಲಿಯೂ ಬಳಕೆಯಾಗುತ್ತ ಬಂದಿದೆ. ಕನ್ನಡ ವಿದ್ವಾಂಸನಿಗೆ ಸಂಶೋಧನೆಯೆಂದರೆ ಓಲೆಗರಿ, ಶಾಸನ, ಪಾಠಾಂತರ, ಕವಿಯ ಕಾಲದೇಶಗಳ ನಿರ್ಣಯ. ವಿಜ್ಞಾನಿಗೆ ಅದು ಪ್ರಯೋಗಶಾಲೆ; ವೈದ್ಯನಿಗೆ ರೋಗದ ಮೂಲ; ಇಂಜಿನಿಯರನಿಗೆ ನೀರು, ಕಲ್ಲು, ಕಬ್ಬಿಣಗಳ ಬಲಾಬಲ; ಅರ್ಥಶಾಸ್ತ್ರಜ್ಞನಿಗೆ ದುಡಿಮೆ ಮತ್ತು ಗಳಿಕೆಯ ಲೆಕ್ಕ. ಒಂದೇ ಶಬ್ದವನ್ನು ಬಳಸುವ ಈ ಎರಡು ಬಳಗಗಳು ಒಂದೇ ಆವರಣದಲ್ಲಿದ್ದರೂ ಪರಸ್ಪರ ಮಾತನಾಡುವುದು ಅಪರೂಪ.

ಶಬ್ದದ ಮೂಲಾರ್ಥವನ್ನು ಗಮನಿಸಿದರೆ ಈ ಭೇದ ಅಷ್ಟು ದೊಡ್ಡದಲ್ಲವೆಂಬುದು ತಿಳಿಯುತ್ತದೆ. ಶೋಧನವೆಂದರೆ ಶುದ್ಧಗೊಳಿಸುವುದು. ವೈದ್ಯಗ್ರಂಥಗಳಲ್ಲಿ ಪಾದರಸವೇ ಮೊದಲಾದ ದ್ರವ್ಯಗಳ ಶೋಧನೆಯನ್ನು ಹೇಳುವಾಗ ಇರುವುದು ಈ ಅರ್ಥವೇ. ಲಿಪಿಕಾರರ ಸ್ಖಾಲಿತ್ಯಗಳನ್ನು ಕಳೆದು ಕವಿಯ ಪಾಠವನ್ನು ತೆಗೆಯುವುದೂ, ಹತ್ತು ಕಾರಣಗಳ ಬೆರಕೆಯಿಂದ ಒಂದು ನಿಜವಾದ ಕಾರಣವನ್ನು ಸೋಸಿ ತೆಗೆಯುವುದೂ ಕ್ರಿಯೆಯಲ್ಲಿ ಒಂದೇ. ಎರಡರಲ್ಲಿಯೂ ಬೇಕಾದುದು ಆಧಾರ, ಸಂದೇಹ ಮತ್ತು ತಾಳ್ಮೆ.

ಈ ಶಾಸ್ತ್ರಸಂಶೋಧನೆಗಳಲ್ಲಿ ಕನ್ನಡಕ್ಕೆ ಇರುವ ಸ್ಥಾನ ಯಾವುದು? ಸಂಶೋಧನೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅದರ ಫಲ ಮುಂದೆ ಕನ್ನಡಕ್ಕೆ ಅನುವಾದವಾಗಿ ಬರುತ್ತದೆ ಎಂಬುದು ಸಾಮಾನ್ಯವಾದ ಉತ್ತರ. ಈ ಉತ್ತರ ಪೂರ್ಣವಲ್ಲ. ಸಂಶೋಧನೆಯಲ್ಲಿ ಭಾಷೆಯ ಕೆಲಸ ಮೂರು ನೆಲೆಗಳಲ್ಲಿ ನಡೆಯುತ್ತದೆ. ಕಂಡುದನ್ನು ಹೆಸರಿಸಿ ಬೇರ್ಪಡಿಸುವುದು ಮೊದಲನೆಯದು. ಕಾರಣಕಾರ್ಯಗಳನ್ನು ತರ್ಕಿಸಿ ಪರೀಕ್ಷಿಸುವುದು ಎರಡನೆಯದು. ದೊರೆತ ತಿಳಿವನ್ನು ಅದು ಯಾರಿಗೆ ಬೇಕೋ ಅವರಿಗೆ ಮುಟ್ಟಿಸುವುದು ಮೂರನೆಯದು. ಮೂರನೆಯ ನೆಲೆಯನ್ನೇ ಭಾಷೆಯ ಏಕೈಕ ಕೆಲಸವೆಂದು ತಿಳಿದುದರಿಂದ ಕನ್ನಡಕ್ಕೂ ಸಂಶೋಧನೆಗೂ ಒದಗಿದ ನಷ್ಟವನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

2

ಕನ್ನಡದಲ್ಲಿ ಶಾಸ್ತ್ರಸಾಹಿತ್ಯ ಹೊಸತಲ್ಲ. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವೇ ಒಂದು ಶಾಸ್ತ್ರಗ್ರಂಥ. 11ನೆಯ ಶತಮಾನದ ಪೂರ್ವಾರ್ಧದಲ್ಲಿ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ಅಂತರ್ಜಲದ ಶೋಧ, ವೃಕ್ಷಾಯುರ್ವೇದ, ಪಾಕಶಾಸ್ತ್ರ, ಮನುಷ್ಯರ ಮತ್ತು ಪಶುಗಳ ವೈದ್ಯ ಇವೆಲ್ಲ ಒಟ್ಟಿಗೆ ಬರುತ್ತವೆ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ರಚಿಸಿದ. ಅದೇ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಈ ಪರಂಪರೆಯ ಬೇರೆ ಬೇರೆ ಮಜಲುಗಳು.

ಈ ಗ್ರಂಥಗಳ ಶೀರ್ಷಿಕೆಗಳೇ ಅವುಗಳ ಓದುಗರನ್ನು ಸೂಚಿಸುತ್ತವೆ. ಲೋಕಕ್ಕೆ ಉಪಕಾರ, ವ್ಯವಹಾರಕ್ಕೆ ಬೇಕಾದ ಗಣಿತ, ಗೋವುಗಳ ವೈದ್ಯ. ಸಂಸ್ಕೃತದಲ್ಲಿ ವಿಪುಲವಾಗಿ ದೊರೆಯುತ್ತಿದ್ದ ತಿಳಿವನ್ನು ಕನ್ನಡದಲ್ಲಿ ಹೇಳಬೇಕಾಗಿ ಬಂದುದು ಭಾಷಾಭಿಮಾನವೊಂದರಿಂದಲೇ ಅಲ್ಲ. ದನ ಸಾಕುವವನು, ಲೆಕ್ಕ ಬರೆಯುವವನು, ವಿಷ ಇಳಿಸುವವನು ಕನ್ನಡದವನಾಗಿದ್ದುದರಿಂದ. ಪಾರಿಭಾಷಿಕ ಶಬ್ದಗಳು ಮೊದಲು ಸಿದ್ಧವಾಗಿ ಆ ಬಳಿಕ ಶಾಸ್ತ್ರಗ್ರಂಥಗಳು ಹುಟ್ಟಲಿಲ್ಲ. ಕೆಲಸ ಒದಗಿದಾಗ ಶಬ್ದಗಳೂ ಒದಗಿದವು. ತ್ರೈರಾಶಿಕದಂಥ ಸಂಸ್ಕೃತ ಶಬ್ದ, ಗಿಡಮೂಲಿಕೆಯ ದೇಸಿ ಹೆಸರು, ಊರಿನ ಅಳತೆಯ ಮಾತು ಎಲ್ಲವೂ ಒಂದೇ ಗ್ರಂಥದಲ್ಲಿ ನೆರೆಯುವುದಕ್ಕೆ ಅಡ್ಡಿಯಾಗಲಿಲ್ಲ.

ಹೀಗೆಂದು ಈ ಪರಂಪರೆಯನ್ನು ಆಧುನಿಕ ಅರ್ಥದ ಸಂಶೋಧನೆಯೆಂದು ಕರೆಯುವುದು ಸಾಧುವಲ್ಲ. ಹೆಸರಿಸುವ ಮತ್ತು ಮುಟ್ಟಿಸುವ ನೆಲೆಗಳಲ್ಲಿ ಈ ಗ್ರಂಥಗಳು ಸಮರ್ಥವಾಗಿವೆ. ನಡುವಿನ ನೆಲೆಯಲ್ಲಿ ಮಾತ್ರ ಅವು ಪೂರ್ವಾಚಾರ್ಯರ ಮಾತನ್ನು ಪ್ರಮಾಣವಾಗಿಟ್ಟುಕೊಂಡು ವಿಧಿಯನ್ನು ಹೇಳುತ್ತವೆ. ಈ ಔಷಧ ಈ ವಿಷಕ್ಕೆ ಎಂಬ ಮಾತು ಉಂಟು. ಕೊಟ್ಟವರಲ್ಲಿ ಎಷ್ಟು ಮಂದಿ ಉಳಿದರು, ಕೊಡದವರಲ್ಲಿ ಎಷ್ಟು ಮಂದಿ ಉಳಿದರು ಎಂಬ ಪ್ರಶ್ನೆ ಇಲ್ಲ. ಇದು ಕನ್ನಡದ ಕೊರತೆಯಲ್ಲ, ಆ ಕಾಲದ ಶಾಸ್ತ್ರಪದ್ಧತಿಯ ಸ್ವರೂಪ. ಆದರೆ ಇಂದು ಅವುಗಳನ್ನು ಓದುವಾಗ ಈ ವ್ಯತ್ಯಾಸವನ್ನು ಮರೆತರೆ ಅಭಿಮಾನ ಉಳಿದೀತು, ಸಂಶೋಧನೆ ಉಳಿಯದು.

3

ಇಂಜಿನಿಯರಿಂಗ್ ಮತ್ತು ಅರ್ಥಶಾಸ್ತ್ರ ಒಂದನ್ನೊಂದು ಬಿಟ್ಟು ನಡೆಯಲಾರವೆಂಬುದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕು ಪ್ರಸಿದ್ಧ ನಿದರ್ಶನ. ಅವರು ಇಂಜಿನಿಯರಿಂಗ್ ಕಲಿತುದು ಪುಣೆಯಲ್ಲಿ. ಮೊದಲು ದುಡಿದುದು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ಹೆಸರನ್ನು ನಿಲ್ಲಿಸಿದವು. ಅದಕ್ಕೂ ಮೊದಲು ದಖ್ಖನ್ನಿನ ಕಾಲುವೆಗಳಿಗಾಗಿ ಅವರು ರೂಪಿಸಿದ ಬ್ಲಾಕ್ ಪದ್ಧತಿ ಈ ಚರ್ಚೆಗೆ ಹೆಚ್ಚು ಪ್ರಸ್ತುತ. ನೀರನ್ನು ಯಥೇಚ್ಛ ಬೇಡುವ ಕಬ್ಬನ್ನೂ ಕಡಿಮೆ ನೀರಿನ ಬೆಳೆಗಳನ್ನೂ ಗೊತ್ತಾದ ಕ್ಷೇತ್ರಗಳೊಳಗೆ ಸರದಿಯಲ್ಲಿ ಬೆಳೆಸಿ, ಅದೇ ನೀರು ಹೆಚ್ಚು ಊರುಗಳಿಗೆ ಒದಗುವಂತೆ ಮಾಡುವುದು ಅದರ ತತ್ತ್ವ. ಕಾಲುವೆಯ ಅಗಲ, ಬೀಳುಗಳ ಲೆಕ್ಕದಿಂದಷ್ಟೇ ಇಂಥ ಪದ್ಧತಿ ಹುಟ್ಟದು. ರೈತನ ಆದಾಯದ ಲೆಕ್ಕವೂ ಬೇಕು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಗೆಡವಿದಾಗ ನಿಜಾಮರ ಸರ್ಕಾರ ಅವರನ್ನು ಕರೆಯಿಸಿತು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೆರೆಯನ್ನು ಹಿಡಿದು ನಿಲ್ಲಿಸಬೇಕೆಂಬ ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಿರ್ಮಾಣವಾದವು. ನೆರೆಯ ನೀರೇ ನಗರದ ಕುಡಿಯುವ ನೀರಾಯಿತು.

ನೀರಿನ ಈ ಲೆಕ್ಕಕ್ಕೆ ಕನ್ನಡದಲ್ಲಿ ಹಳೆಯ ನುಡಿಗಟ್ಟೇ ಇದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಇವು ಬಿಡಿ ಶಬ್ದಗಳಲ್ಲ. ಒಂದು ವ್ಯವಸ್ಥೆಯ ಅಂಗಗಳು. ತೂಬು ಎಷ್ಟು ನೀರು ಹೋಗಬೇಕೆಂಬುದನ್ನು, ಕೋಡಿ ಎಷ್ಟು ನೀರು ನಿಲ್ಲಬಾರದೆಂಬುದನ್ನು ನಿರ್ಣಯಿಸುತ್ತದೆ. ಅಚ್ಚುಕಟ್ಟು ನೀರಿನ ವ್ಯಾಪ್ತಿಯನ್ನೂ, ನೀರುಗಂಟಿ ಹಂಚಿಕೆಯ ಹೊಣೆಯನ್ನೂ ಸೂಚಿಸುತ್ತವೆ. ಶಾಸನಗಳಲ್ಲಿ ಬರುವ ‘ಬಿತ್ತುವಟ’, ‘ಕಟ್ಟುಕೊಡಗೆ’ ಎಂಬ ಶಬ್ದಗಳು ಇದೇ ವ್ಯವಸ್ಥೆಯ ಆರ್ಥಿಕ ಮುಖ. ಕೆರೆ ಕಟ್ಟಿಸಿದವನಿಗೆ, ಅದನ್ನು ಕಾಯ್ದುಕೊಂಡು ಬರುವವನಿಗೆ ಅದರ ಕೆಳಗಿನ ನೆಲದಲ್ಲಿ ಪಾಲು ದೊರೆಯುತ್ತಿತ್ತು. ಹೂಳೆತ್ತುವ ಖರ್ಚು ಯಾರದು ಎಂಬುದು ಇಂದಿನ ಅರ್ಥಶಾಸ್ತ್ರದಲ್ಲಿ ಸಾಮುದಾಯಿಕ ಸಂಪತ್ತಿನ ನಿರ್ವಹಣೆಯ ಪ್ರಶ್ನೆ. ಕನ್ನಡ ಶಾಸನಗಳಲ್ಲಿ ಅದಕ್ಕೆ ಶತಮಾನಗಳ ದಾಖಲೆಯಿದೆ. ಆ ದಾಖಲೆಯನ್ನು ಓದಬಲ್ಲವನು ಕನ್ನಡ ಸಂಶೋಧಕ. ಅದರ ಲೆಕ್ಕವನ್ನು ಪರೀಕ್ಷಿಸಬಲ್ಲವನು ಅರ್ಥಶಾಸ್ತ್ರಜ್ಞ. ಇಬ್ಬರೂ ಕೂಡಿ ಕುಳಿತ ಸಂದರ್ಭಗಳು ಕಡಿಮೆ.

ಕೂಡಿ ಕುಳಿತ ಒಂದು ಸಂದರ್ಭವನ್ನು ಇಲ್ಲಿ ನೆನೆಯಬೇಕು. ಮೈಸೂರಿನಲ್ಲಿ 1911ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಸ್ಥಾಪಿತವಾದ ಸಂಪದಭ್ಯುದಯ ಸಮಾಜವು ವ್ಯವಸಾಯ, ಕೈಗಾರಿಕೆ, ವಿದ್ಯಾಭ್ಯಾಸಗಳ ಏಳಿಗೆಗಾಗಿ ಹುಟ್ಟಿದ ಆರ್ಥಿಕ ಸಂಸ್ಥೆ. ಕನ್ನಡ ಭಾಷೆಯ ಅಭಿವೃದ್ಧಿಗೆ ಏನು ಮಾಡಬೇಕೆಂದು ಅದು ನಡೆಸಿದ ವಿಚಾರಣೆಯಿಂದಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ರೂಪುಗೊಂಡಿತು. ಕನ್ನಡದ ಪ್ರಧಾನ ಸಾಹಿತ್ಯಸಂಸ್ಥೆಯ ಮೂಲ ಒಂದು ಆರ್ಥಿಕ ಚಿಂತನೆಯಲ್ಲಿದೆ ಎಂಬುದನ್ನು ಸಾಹಿತ್ಯಚರಿತ್ರೆ ಹೇಳುತ್ತದೆ. ಆದರೆ ಅದರ ಅರ್ಥವನ್ನು ಸಾಕಷ್ಟು ವಿವೇಚಿಸಿಲ್ಲ.

4

ನೀರಿನಿಂದ ಕಾಡಿಗೆ, ಇಂಜಿನಿಯರಿಂಗಿನಿಂದ ವೈದ್ಯಕ್ಕೆ ಬಂದರೆ ಭಾಷೆಯ ಮೂರು ನೆಲೆಗಳೂ ಒಟ್ಟಿಗೆ ಕಾಣುವ ನಿದರ್ಶನವೊಂದು ದೊರೆಯುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ದಿನಗಳಲ್ಲಿ ಜನರಿಗೆ ತೀವ್ರವಾದ ಜ್ವರ ಬರತೊಡಗಿತು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅಲ್ಲಿಗೆ ಧಾವಿಸಿದರು. ಈ ಕೇಂದ್ರವೇ ಮುಂದೆ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದುದರಿಂದ, ಭಾರತದಲ್ಲಿ ಎಂದೂ ಕಾಣಿಸಿಕೊಳ್ಳದಿದ್ದ ಪೀತಜ್ವರ ಬಂದಿತೆ ಎಂಬ ಭಯ ಮೊದಲು ಹುಟ್ಟಿತು. ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಪೀತಜ್ವರದ್ದಲ್ಲ, ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳುಜ್ವರದ ವೈರಸ್ಸಿಗೆ ಹತ್ತಿರದ್ದು ಎಂದು ತಿಳಿಯಿತು.

ಹಾಗಾದರೆ ಇದು ಅಷ್ಟು ದೂರದಿಂದ ಬಂದುದು ಹೇಗೆ? ವಲಸೆಯ ಹಕ್ಕಿಗಳು ಸೋಂಕಿತ ಉಣ್ಣೆಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಆ ಊಹೆಯನ್ನು ಪರೀಕ್ಷಿಸುವ ಸಲುವಾಗಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯನ್ನು ಗುರುತಿಸುವ ದೊಡ್ಡ ಯೋಜನೆಯನ್ನು ಕೈಗೊಂಡಿತು. ಊಹೆಗೆ ದೃಢವಾದ ಆಧಾರ ದೊರೆಯಲಿಲ್ಲ. ಆದರೆ ಭಾರತದ ಹಕ್ಕಿಗಳ ವಲಸೆಯ ಬಗ್ಗೆ ಹಿಂದೆಂದೂ ಇಲ್ಲದಷ್ಟು ತಿಳಿವು ದೊರೆಯಿತು. ವೈದ್ಯಸಂಶೋಧನೆಯ ಪ್ರಶ್ನೆಯೊಂದು ಪಕ್ಷಿಶಾಸ್ತ್ರವನ್ನು ಬೆಳೆಸಿದ ಬಗೆ ಇದು. ಸಂಶೋಧನೆಯಲ್ಲಿ ಸುಳ್ಳಾದ ಊಹೆಯೂ ವ್ಯರ್ಥವಾಗದು.

ಉತ್ತರ ಕಾಡಿನ ನೆಲದಲ್ಲಿಯೇ ಇತ್ತು. ವೈರಸ್ಸನ್ನು ಸಾಗಿಸುವುದು ಮುಖ್ಯವಾಗಿ ಒಂದು ಜಾತಿಯ ಉಣ್ಣೆ. ಅದರ ಮರಿಗಳು ಇಲಿ, ಹೆಗ್ಗಣ, ಹಕ್ಕಿ, ಮಂಗಗಳ ರಕ್ತ ಹೀರುತ್ತವೆ. ಬೆಳೆದ ಉಣ್ಣೆಗಳಿಗೆ ದನಗಳಂಥ ದೊಡ್ಡ ಪ್ರಾಣಿಗಳು ಬೇಕು. ಬೇಸಗೆಯ ತಿಂಗಳುಗಳಲ್ಲಿ ಸೌದೆಗೆ, ದರಕಿಗೆ, ಮೇವಿಗೆ ಕಾಡು ಹೊಕ್ಕವರನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಕಚ್ಚುತ್ತವೆ. ಕಾಡು ಕಡಿದು ಗದ್ದೆ, ತೋಟ ಮಾಡಿದಂತೆ, ದನಗಳು ಕಾಡಿನ ಅಂಚಿನಲ್ಲಿ ಮೇಯತೊಡಗಿದಂತೆ ಉಣ್ಣೆಗಳು ಹೆಚ್ಚಿದವೆಂದು ವಿಜ್ಞಾನಿಗಳು ವಾದಿಸಿದರು. ರೋಗದ ಕಾರಣ ಹೀಗೆ ವೈರಸ್ಸಿನಿಂದ ಹೊರಟು ಭೂಬಳಕೆಗೆ, ಅಂದರೆ ಅರ್ಥಶಾಸ್ತ್ರಕ್ಕೆ ಬಂದು ಮುಟ್ಟಿತು. ಕೂಲಿಯ ದಿನವನ್ನು ಬಿಡಲಾರದವನಿಗೆ ಕಾಡಿಗೆ ಹೋಗಬೇಡವೆಂದು ಹೇಳುವುದು ವೈದ್ಯಸಲಹೆಯಾದರೂ ಅದನ್ನು ಪಾಲಿಸುವುದು ಅವನ ಆರ್ಥಿಕ ಸ್ಥಿತಿಯನ್ನು ಅವಲಂಬಿಸಿದೆ.

ಕನ್ನಡದ ಪ್ರಶ್ನೆ ಇಲ್ಲಿ ತೊಡಗುತ್ತದೆ. ಜನರು ಈ ರೋಗವನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಈ ಹೆಸರು ಒಂದು ನಿಖರವಾದ ಅವಲೋಕನ. ಮಂಗಗಳ ಸಾವಿಗೂ ಮನುಷ್ಯರ ಜ್ವರಕ್ಕೂ ಸಂಬಂಧವಿದೆಯೆಂಬುದನ್ನು ಅದು ಒಂದೇ ಮಾತಿನಲ್ಲಿ ಹಿಡಿದಿಟ್ಟಿತು. ಮಂಗ ಸತ್ತರೆ ಎಚ್ಚರಿಕೆ ಬೇಕೆಂಬುದನ್ನು ಇಂದಿಗೂ ಅದು ನೆನಪಿಸುತ್ತದೆ. ಆದರೆ ಅದೇ ಹೆಸರು ತಪ್ಪು ದಾರಿಯನ್ನೂ ತೋರಿಸಬಲ್ಲದು. ಮಂಗವು ರೋಗದ ಕರ್ತೃವಲ್ಲ, ಮನುಷ್ಯನಂತೆ ಅದಕ್ಕೆ ಬಲಿಯಾದ ಪ್ರಾಣಿ. ಹೆಸರನ್ನು ಮಾತ್ರ ನಂಬಿದವನು ಮಂಗನಿಂದ ದೂರವಿದ್ದು ದರಕಿನ ರಾಶಿಯ ಮೇಲೆ ಕುಳಿತಾನು. ಷಷ್ಠೀ ವಿಭಕ್ತಿಯ ಒಂದು ಪ್ರತ್ಯಯವು ಸಂಬಂಧವನ್ನು ಹೇಳಿತು. ಅದು ಯಾವ ಸಂಬಂಧ, ಕಾರಣವೇ ಅಥವಾ ಸೂಚನೆಯೇ ಎಂಬುದನ್ನು ಹೇಳಲಿಲ್ಲ. ವ್ಯಾಕರಣದ ತರಗತಿಯಲ್ಲಿ ವಿವರಿಸಬಹುದಾದ ಈ ಸೂಕ್ಷ್ಮ ಮಲೆನಾಡಿನಲ್ಲಿ ಪ್ರಾಣದ ಪ್ರಶ್ನೆ.

ಮತ್ತೊಂದು ಸಂಗತಿ. ಸೊರಬ, ಸಾಗರ ಸೀಮೆಯ ಕನ್ನಡದಲ್ಲಿ ಕಾಡು ಒಂದೇ ಅಲ್ಲ. ನಿತ್ಯಹಸುರಿನ ದಟ್ಟ ಕಾಡು ‘ಕಾನು’. ಅಡಕೆ ತೋಟಕ್ಕೆ ಸೊಪ್ಪು ಒದಗಿಸುವುದು ‘ಸೊಪ್ಪಿನ ಬೆಟ್ಟ’. ಹುಲ್ಲು ಬೆಳೆಯುವ ನೆಲ ‘ಬ್ಯಾಣ’. ಪ್ರತಿಯೊಂದರಲ್ಲಿಯೂ ಮರ, ನೆರಳು, ದನಗಳ ಓಡಾಟ, ಮನುಷ್ಯರ ಕೆಲಸ ಬೇರೆ. ಆದುದರಿಂದ ಉಣ್ಣೆಗಳ ಪ್ರಮಾಣವೂ ಬೇರೆಯಾಗುವುದು ಸಹಜ. ರೋಗಿಯೊಬ್ಬ ‘ಕಾನಿಗೆ ಹೋಗಿದ್ದೆ’ ಎಂದುದೂ ‘ಬೆಟ್ಟಕ್ಕೆ ಹೋಗಿದ್ದೆ’ ಎಂದುದೂ ವರದಿಯಲ್ಲಿ ‘ಕಾಡು’ ಎಂಬ ಒಂದೇ ಶಬ್ದವಾಗಿ ಬಿದ್ದರೆ ಸಂಶೋಧನೆಗೆ ಬೇಕಾದ ಒಂದು ಭೇದ ಅಲ್ಲಿಯೇ ಅಳಿದುಹೋಗುತ್ತದೆ. ಮೊದಲ ನೆಲೆಯಲ್ಲಿ ಕಳೆದುಹೋದುದನ್ನು ಮೂರನೆಯ ನೆಲೆಯ ಯಾವ ಅನುವಾದವೂ ಮರಳಿ ತರಲಾರದು.

ಈ ರೋಗದ ಕಥೆ ಮುಗಿದಿಲ್ಲ. 1983ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಅದು ಉಗ್ರವಾಗಿ ಕಾಣಿಸಿಕೊಂಡಿತು. 2012ರ ಅನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಿಗೂ ಹಬ್ಬಿತು. 1990ರ ದಶಕದಿಂದ ಬಳಕೆಯಲ್ಲಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡುದರಿಂದ ಅದನ್ನು 2022ರಲ್ಲಿ ಕೈಬಿಡಲಾಯಿತು. ಕನ್ನಡ, ಮಲಯಾಳ, ಕೊಂಕಣಿ, ಮರಾಠಿಗಳನ್ನಾಡುವ ಜನರಿಗೆ ಇಂದು ಒಂದೇ ಎಚ್ಚರಿಕೆ ಬೇಕಾಗಿದೆ. ಆದರೆ ಅದು ಅವರವರ ಕಾಡಿನ ಮಾತಿನಲ್ಲಿ ಬೇಕಾಗಿದೆ.

5

ನಡುವಿನ ನೆಲೆಯಾದ ತರ್ಕದ ನುಡಿಯನ್ನು ಕನ್ನಡದಲ್ಲಿ ಬೆಳೆಸಲು ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಿಂದ ಎರಡು ವರ್ಷಗಳ ಕಾಲ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ವೆಂಕಟನಾರಣಪ್ಪನವರು ಭೌತವಿಜ್ಞಾನದ ಪ್ರಾಧ್ಯಾಪಕರು; ಅವರೇ ಪಂಪಭಾರತದ ಸಂಪಾದಕರು; ಅವರೇ ‘ಜೀವವಿಜ್ಞಾನ’ದ ಕರ್ತೃ. ಪಾಠಾಂತರಗಳನ್ನು ತೂಗುವ ಮತ್ತು ಪ್ರಯೋಗದ ಅಳತೆಗಳನ್ನು ತೂಗುವ ಎರಡು ಬುದ್ಧಿಗಳು ಒಬ್ಬರಲ್ಲಿ ನೆಲೆಸಿದ್ದವು. ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆದರು. ಅವರ ಬಳಿಕ ಕನ್ನಡದಲ್ಲಿ ವಿಜ್ಞಾನಸಾಹಿತ್ಯ ಪ್ರಮಾಣದಲ್ಲಿ ವಿಪುಲವಾಗಿ ಬೆಳೆದಿದೆ.

ಆದರೂ ಈ ಸಾಹಿತ್ಯದ ಬಹುಭಾಗ ಫಲವನ್ನು ಹೇಳುತ್ತದೆ, ಫಲ ದೊರೆತ ಬಗೆಯನ್ನು ಹೇಳುವುದಿಲ್ಲ. ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂಬ ವಾಕ್ಯಕ್ಕೂ ‘ಆಪ್ತರು ಹೇಳಿದ್ದಾರೆ’ ಎಂಬ ಹಳೆಯ ವಾಕ್ಯಕ್ಕೂ ಪ್ರಮಾಣದ ದೃಷ್ಟಿಯಿಂದ ಹೆಚ್ಚು ಅಂತರವಿಲ್ಲ. ಮೊದಲು ಏನೆಂದು ಊಹಿಸಿದರು, ಆ ಊಹೆಯನ್ನು ಏಕೆ ಬಿಟ್ಟರು, ಎಷ್ಟರಮಟ್ಟಿಗೆ ಖಚಿತ, ಎಷ್ಟರಮಟ್ಟಿಗೆ ಸಂಭಾವ್ಯ ಎಂಬುದನ್ನು ಹೇಳುವ ವಾಕ್ಯರಚನೆ ಕನ್ನಡಕ್ಕೆ ಅಸಾಧ್ಯವಲ್ಲ. ‘ಇರಬಹುದು’, ‘ಇದ್ದೀತು’, ‘ಇರಬೇಕು’, ‘ಇರಲಾರದು’ ಎಂಬ ಕ್ರಿಯಾರೂಪಗಳಲ್ಲಿ ಸಂದೇಹದ ಇಷ್ಟೊಂದು ಮೆಟ್ಟಿಲುಗಳನ್ನು ಕನ್ನಡ ಕಟ್ಟಿಕೊಂಡಿದೆ. ಕವಿಯ ಕಾಲನಿರ್ಣಯದಲ್ಲಿ ಸಾಹಿತ್ಯಸಂಶೋಧಕರು ಇವನ್ನು ನೂರು ವರ್ಷಗಳಿಂದ ನಿಪುಣವಾಗಿ ಬಳಸುತ್ತಿದ್ದಾರೆ. 1907ರಲ್ಲಿ ಮೊದಲ ಸಂಪುಟ ಹೊರಬಂದ ‘ಕರ್ಣಾಟಕ ಕವಿಚರಿತೆ’ಯಿಂದ ಹಿಡಿದು ನಡೆದ ಚರ್ಚೆಗಳು ಪಕ್ಷ, ಪ್ರತಿಪಕ್ಷ, ಆಧಾರ, ಖಂಡನೆಗಳ ಒಂದು ಗಟ್ಟಿಯಾದ ಗದ್ಯವನ್ನು ನಿರ್ಮಿಸಿವೆ. ವಿಜ್ಞಾನದ ಬರಹಕ್ಕೆ ಬೇಕಾದ ಗದ್ಯ ಕನ್ನಡದಲ್ಲಿ ಇಲ್ಲವೆಂಬುದು ಸರಿಯಲ್ಲ. ಅದು ಪಕ್ಕದ ಕೋಣೆಯಲ್ಲಿದೆ.

6

ಈ ಹಿನ್ನೆಲೆಯಲ್ಲಿ ಹೊರನಾಡಿನ ಕನ್ನಡ ವಿಭಾಗಗಳ ಹೊಣೆಯನ್ನು ಯೋಚಿಸಬಹುದು. ಹಳೆಯ ಶಾಸ್ತ್ರಗ್ರಂಥಗಳಲ್ಲಿ ‘ಲೋಕೋಪಕಾರ’, ‘ಖಗೇಂದ್ರಮಣಿದರ್ಪಣ’ಗಳಂಥ ಮುಖ್ಯ ಕೃತಿಗಳು ಸಂಪಾದಿತವಾಗಿ ಬೆಳಕು ಕಂಡುದು ಮದರಾಸಿನಲ್ಲಿ. ಕಿಟ್ಟೆಲ್ ಕೋಶದ ಪರಿಷ್ಕೃತ ಆವೃತ್ತಿಯನ್ನು ಎಂ. ಮರಿಯಪ್ಪ ಭಟ್ಟರು ಸಿದ್ಧಪಡಿಸಿದುದೂ ಮದರಾಸು ವಿಶ್ವವಿದ್ಯಾಲಯಕ್ಕಾಗಿ. ಕನ್ನಡದ ಶಾಸ್ತ್ರಸಂಪತ್ತನ್ನು ಕಾಯ್ದುಕೊಳ್ಳುವ ಕಾರ್ಯದಲ್ಲಿ ಹೊರನಾಡಿನ ಪಾಲು ಸಣ್ಣದಲ್ಲವೆಂಬುದಕ್ಕೆ ಇವು ಸಾಕ್ಷಿ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳು ದೇಶದ ದೊಡ್ಡ ಪ್ರಯೋಗಶಾಲೆಗಳ, ವೈದ್ಯಸಂಸ್ಥೆಗಳ, ಅರ್ಥಶಾಸ್ತ್ರದ ಅಧ್ಯಯನಕೇಂದ್ರಗಳ ನಗರಗಳೂ ಹೌದು. ಅಲ್ಲಿನ ಕನ್ನಡ ವಿದ್ಯಾರ್ಥಿಗೆ ಈ ನೆರೆ ಒಂದು ಅವಕಾಶ.

ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಶಾಸ್ತ್ರಗ್ರಂಥಗಳನ್ನು ಸಸ್ಯವಿಜ್ಞಾನಿ, ವೈದ್ಯ, ಗಣಿತಜ್ಞರೊಡನೆ ಕುಳಿತು ಮರುಸಂಪಾದಿಸಬೇಕು. ಗ್ರಂಥದ ಗಿಡದ ಹೆಸರು ಇಂದಿನ ಯಾವ ಗಿಡವೆಂಬುದು ನಿಶ್ಚಯವಾಗದೆ ಆ ಔಷಧದ ಬಗ್ಗೆ ಆಡುವ ಮಾತಿಗೆ ಬೆಲೆಯಿಲ್ಲ. ಮೀನುಗಾರ, ನೇಕಾರ, ಕುಂಬಾರ, ಕೆರೆಯ ನೀರುಗಂಟಿ, ಕಾನಿನ ಅಂಚಿನ ರೈತ ಬಳಸುವ ಮಾತುಗಳನ್ನು ಅವುಗಳ ಕೆಲಸದೊಡನೆ ಸಂಗ್ರಹಿಸಬೇಕು. ಕನ್ನಡ ನಾಡಿನ ನೆಲ, ಜಲ, ರೋಗ, ಬೆಳೆಗಳ ಬಗ್ಗೆ ಯಾವ ವಿಭಾಗದಲ್ಲಿ ಪ್ರಬಂಧ ಸಿದ್ಧವಾದರೂ ಅದರ ತರ್ಕವನ್ನು, ಫಲವನ್ನಷ್ಟೇ ಅಲ್ಲ, ಕೆಲವು ಪುಟಗಳಲ್ಲಿ ಕನ್ನಡದಲ್ಲಿ ಇಡುವ ರೂಢಿ ಬರಬೇಕು. ಅದನ್ನು ತಿದ್ದಿಕೊಡುವ ಕೆಲಸ ಕನ್ನಡ ವಿಭಾಗಕ್ಕೆ ಕೀಳಲ್ಲ.

ಸೊರಬದ ರೈತನೊಬ್ಬ ತನ್ನ ಮಾತಿನಲ್ಲಿ ಜ್ವರದ ವಿವರವನ್ನು ಹೇಳಿದಾಗ ಅದು ಪುಣೆಯ ಪ್ರಯೋಗಶಾಲೆಗೆ ಮೊದಲ ಸಾಕ್ಷ್ಯವಾಯಿತು. ಅಲ್ಲಿ ದೊರೆತ ಉತ್ತರ ಅವನ ಮಾತಿನಲ್ಲಿಯೇ ಅವನ ಮನೆಗೆ ಮರಳಿ ಬಂದಾಗ ಸಂಶೋಧನೆ ಪೂರ್ಣವಾಗುತ್ತದೆ. ಹೋದ ದಾರಿಯೂ ಬಂದ ದಾರಿಯೂ ಕನ್ನಡದ್ದೇ. ಆ ದಾರಿಯನ್ನು ಹಸನುಗೊಳಿಸುವುದು ಶೋಧನೆಯ ಮೂಲಾರ್ಥಕ್ಕೆ ಒಪ್ಪುವ ಕಾರ್ಯ.